ಥಿನ್ನರ್ ಕುಡಿದ ಹೆಲ್ಮೆಟ್

ಕೆಲಸ ಮಾಡಿ ಸುಸ್ತಾದವರಿಗೆ ನಿದ್ದೆಯಾದರೂ ಬರುತ್ತದೆ. ಬೋರ್ಡ್ ಬರೆಯುವ ಪೇಂಟರ್‌ನದು ಕೆಲಸವಿಲ್ಲದ ಸುಸ್ತು. ಪೇಟೆಯ ಅಂಗಡಿಗಳೆಲ್ಲ ಪ್ಲಾಸ್ಟಿಕ್ ಬ್ಯಾನರಿನ ಹಿಂದೆ ಹೋಗಿದ್ದವು.

ಆ ಸಂಜೆ ಮಾತ್ರ ಕೈಗೊಂದು ಕೆಲಸ ಸಿಕ್ಕಿತ್ತು. ಮಗಳು ಮರುದಿನದಿಂದ ಊರಾಚೆಯ ಔಷಧಿ ಗೋದಾಮಿಗೆ ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗಬೇಕು. ದಾರಿ ತುಂಬ ಲಾರಿಗಳು. ಅಪ್ಪ ತನ್ನ ಹಳೆಯ ಹೆಲ್ಮೆಟ್ಟನ್ನು ಬಣ್ಣ ತೆಳುಮಾಡುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಗಸಗಸ ಉಜ್ಜಿ, ನೀಲಿ ಬಣ್ಣ ಬಳಿದು, ಹಿಂಬದಿಗೆ ಹಳದಿ ಹಕ್ಕಿ ಬಿಡಿಸುತ್ತ ಕೂತಿದ್ದ.

ಅಷ್ಟರಲ್ಲಿ ಅವನ ಅಕ್ಕ ಬಂದಳು. ಹೆಲ್ಮೆಟ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಅವಳ ಕೆಲಸ. ಹೆಲ್ಮೆಟ್ಟುಗಳನ್ನು ಎತ್ತರದಿಂದ ಬೀಳಿಸಿ, ತಡೆಯಿತೇ ಒಡೆಯಿತೇ ಎಂದು ದಿನವಿಡೀ ನೋಡುವುದು. ಚಪ್ಪಲಿ ಕಳಚಲೂ ತ್ರಾಣವಿಲ್ಲದೆ ಹೊಸ್ತಿಲಲ್ಲೇ ಕುಸಿದಳು.

"ಏನೋ ವಾಸನೆ? ಥಿನ್ನರ್ರಾ?"

"ಹೂಂ ಅಕ್ಕ. ಬಣ್ಣ ಸಿಡಿದಾಗೆಲ್ಲ ಇದರಲ್ಲೇ ಒರೆಸೋದು. ಹೆಂಗೆ ಫಳಫಳ ಅನ್ನುತ್ತೆ ನೋಡು."

"ಫಳಫಳ ಅನ್ನೋದೆಲ್ಲ ಗಟ್ಟಿ ಆಗಿದ್ರೆ ಬಲ್ಬ್ ಹಾಕ್ಕೊಂಡು ಗಾಡಿ ಓಡಿಸಬಹುದಿತ್ತು. ಇದನ್ನ ಮಗೂ ತಲೆಗೆ ಹಾಕಬೇಡ ಕಣೋ."

"ಬಂದ ತಕ್ಷಣ ತಲೆ ತಿನ್ನೋಕೆ ಶುರು ಮಾಡಿದ್ಯಾ?"

"ತಿನ್ನೋಕಲ್ಲ, ಉಳಿಸೋಕೆ."

"ಅಕ್ಕಾ, ಪ್ಲಾಸ್ಟಿಕ್ ನೂರಾರು ವರ್ಷ ಮಣ್ಣಲ್ಲಿದ್ರೂ ಕರಗಲ್ವಂತೆ. ಟೀವೀಲಿ ಬಡ್ಕೋತಾರೆ. ಅಂಥದ್ದು ನನ್ನ ಒಂದು ಬಾಟ್ಲಿ ಥಿನ್ನರ್‌ಗೆ ಹೆದರುತ್ತಾ?"

"ಮಣ್ಣಲ್ಲಿ ಕರಗದೇ ಇರೋದು ಬೇರೆ, ಪೆಟ್ಟು ತಡ್ಕೊಳ್ಳೋದು ಬೇರೆ. ನಿನ್ನ ಹಟಾನೂ ಕರಗಲ್ಲ. ಅದನ್ನ ಹೊತ್ಕೊಂಡು ಅವಳು ಲಾರಿ ಮಧ್ಯ ಹೋಗೋಕಾಗುತ್ತಾ?"

ಒಳಗಿಂದ ಹೆಂಡತಿ ನೀರು ತಂದುಕೊಟ್ಟಳು. "ಸರಿಯಾಗಿ ಹೇಳಿ ಅತ್ತಿಗೆ. ನಂಗೆ ಹೇಳಿ ಹೇಳಿ ಬಾಯಿ ಒಣಗಿದೆ."

ಮಗಳು ಪಕ್ಕಕ್ಕೆ ಬಂದು ಕೂತಳು. "ಅತ್ತೆ, ಪ್ಲಾಸ್ಟಿಕ್ ಅಂದ್ರೆ ಎಲ್ಲ ಒಂದೇ ಅಲ್ವಾ?"

ಅತ್ತೆ ನೀರು ಕುಡಿದು ನಿಟ್ಟುಸಿರು ಬಿಟ್ಟಳು. "ಎಲ್ಲಿ ಒಂದೇ? ಮೊದಲು ರಬ್ಬರ್, ಮರದ ಹಾಲು. ಸೆಕೆಗೆ ಅಂಟಂಟು, ಚಳಿಗೆ ಬಿರುಕು. ಗಂಧಕ ಹಾಕಿ ಬೇಯಿಸಿದ್ಮೇಲೆ ಟೈರಿಗೆ ಬಂತು. ಬಿಲಿಯರ್ಡ್ಸ್ ಚೆಂಡಿಗೆ ಆನೆ ದಂತ ಸಾಲದೆ ಹೋದಾಗ ಸೆಲ್ಯುಲಾಯ್ಡ್ ಅನ್ನೋ ಪ್ಲಾಸ್ಟಿಕ್ ಕಂಡುಹಿಡಿದ್ರು. ಕರೆಂಟಿನ ಕಾಲಕ್ಕೆ ಬೇಕಲೈಟ್. ಹಳೇ ಮನೆ ಕಪ್ಪು ಸ್ವಿಚ್ಚಿದೆಯಲ್ಲ, ಅದೇ. ಆಮೇಲೆ ನೈಲಾನ್, ಈಗ ಯಂತ್ರದ ಹಲ್ಲುಚಕ್ರಾನೂ ಅದರಲ್ಲೇ ಮಾಡ್ತಾರೆ. ಇವಕ್ಕೆಲ್ಲ ಪಾಲಿಮರ್ ಅಂತ ಹೆಸರು. ಒಂದೊಂದಕ್ಕೂ ಒಂದೊಂದು ಕೆಲಸ, ಒಂದೊಂದಕ್ಕೂ ಒಬ್ಬೊಬ್ಬ ಶತ್ರು. ನಿಮ್ಮಪ್ಪನ ಬಣ್ಣಾನೂ ಅದೇ ವಂಶ."

"ನನ್ನ ಹೊಟ್ಟೆ ಮೇಲೆ ಹೊಡೆದ ಬ್ಯಾನರ್ರು?"

"ಅದೂ ಅದೇ ವಂಶ. ದೊಡ್ಡ ಕುಟುಂಬ ಕಣೋ. ನಮ್ಮನೆ ಥರಾನೇ, ಒಬ್ಬರಿಗೊಬ್ಬರು ಹೋಲಿಕೆ ಇಲ್ಲ."

ಪೇಂಟರ್ ನಕ್ಕ. ಕುಂಚ ಮಾತ್ರ ಕೆಳಗಿಡಲಿಲ್ಲ.

"ಈ ಹೆಲ್ಮೆಟ್ ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್," ಎಂದಳು ಅಕ್ಕ. "ಕಣ್ಣಿಗೆ ಕಾಣದಷ್ಟು ಸಣ್ಣ, ಉದ್ದುದ್ದ ಸರಪಳಿಗಳು ಸಿಕ್ಕುಸಿಕ್ಕಾಗಿ ಹೆಣ್ಕೊಂಡಿರ್ತವೆ. ಪೆಟ್ಟು ಬಿದ್ದಾಗ ಆ ಸಿಕ್ಕೇ ಎಳೆದು ಹಿಡಿಯೋದು. ಥಿನ್ನರ್ ನಡುವೆ ನುಸುಳಿ ಹಿಡಿತ ಸಡಿಲ ಮಾಡುತ್ತೆ. ಒಳಗಿನ ಥರ್ಮಕೋಲಿಗಂತೂ ಒಂದು ಹನಿ ಸಾಕು, ಸಕ್ಕರೆ ಥರ ಕರಗಿಹೋಗುತ್ತೆ. ಕೊಡು ಇಲ್ಲಿ."

ಹೆಲ್ಮೆಟ್ಟನ್ನು ತಿರುಗಿಸಿ ದೀಪಕ್ಕೆ ಹಿಡಿದಳು. ಗಲ್ಲದ ಪಟ್ಟಿಯ ರಿವೆಟ್ ಮೊಳೆಯ ಸುತ್ತ ಕೂದಲೆಳೆಯಂಥ ಗೆರೆಗಳು. ಎರಡೂ ಕಡೆ ಹಿಡಿದು ಅಗಲಿಸಿದಳು.

ಟಪ್!

ಬಿರುಕು ಅಂಚಿನಿಂದ ಹೊರಟು ಹಳದಿ ಹಕ್ಕಿಯ ಕುತ್ತಿಗೆ ಸೀಳಿ ನಿಂತಿತು.

ಪೇಂಟರ್ ಒಮ್ಮೆ ಬಿರುಕನ್ನು ನೋಡಿದ, ಒಮ್ಮೆ ಮಗಳ ತಲೆಯನ್ನು ನೋಡಿದ.

"ನಿನ್ನ ಕೈಗೇ ಒಡೀತಲ್ಲೇ ಅಕ್ಕ," ಎಂದ ಮೆಲ್ಲಗೆ. "ಇದನ್ನ ಹಾಕ್ಕೊಂಡೇ ನಾನು ಊರೆಲ್ಲ ಸುತ್ತಿದೀನಿ."

"ನಿಮ್ಮ ತಲೆ ಗಟ್ಟಿ ಬಿಡಿ, ಅದಕ್ಕೇ ಯಾರ ಮಾತೂ ಇಳಿಯಲ್ಲ," ಎಂದಳು ಹೆಂಡತಿ. "ಅವಳದು ಹಂಗಲ್ಲ."

"ನಾಳೆ ಬಸ್ಸಲ್ಲಿ ಹೋಗ್ತೀನಿ ಬಿಡಪ್ಪ," ಎಂದಳು ಮಗಳು. "ಸುಸ್ತಾಗಿದೀಯ."

"ಸುಸ್ತು ಎಲ್ಲಿಗೂ ಓಡಿಹೋಗಲ್ಲ. ಏಳು, ಅಂಗಡಿ ಮುಚ್ಚೋದ್ರೊಳಗೆ ಹೋಗೋಣ. ಅಕ್ಕ, ನೀನೂ ಬಾ. ನನಗೆ ಬಣ್ಣ ಒಂದೇ ಗೊತ್ತಾಗೋದು."

"ಇನ್ನೂ ಚಪ್ಪಲೀನೇ ಬಿಚ್ಚಿಲ್ಲ ನಾನು," ಎಂದು ಗೊಣಗುತ್ತ ಅಕ್ಕ ಎದ್ದಳು.

ಬೆಳಿಗ್ಗೆ ಮಗಳು ಹೊಸ ಬಿಳಿ ಹೆಲ್ಮೆಟ್ ಹಾಕಿಕೊಂಡಳು. ಅಷ್ಟು ಬೋಳು ಬಿಳುಪು ಕಂಡು ಪೇಂಟರ್‌ನ ಬೆರಳುಗಳು ತುರಿಸಿದವು. ಆದರೂ ಕುಂಚ ಮುಟ್ಟಲಿಲ್ಲ. ಮಗಳ ಗಲ್ಲದ ಕೆಳಗೆ ಪಟ್ಟಿ ಬಿಗಿದು, ಬೆರಳು ತೂರಿಸಿ ನೋಡಿ, "ಹೋಗಿ ಬಾ" ಎಂದ. ಸ್ಕೂಟರ್ ತಿರುವು ದಾಟುವವರೆಗೂ ನಿಂತೇ ಇದ್ದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಮೊಳೆಗೆ ನೇತುಬಿದ್ದಿರುವ ಹೆಲ್ಮೆಟ್ಟನ್ನು ಈಗಲೇ ಕೆಳಗಿಳಿಸಿ ನೋಡಿ. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ ಅದರ ಹತ್ತಿರ ಸುಳಿಯದಿರಲಿ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಮನೆಯಲ್ಲೇ ಅದಕ್ಕೆ ಬಣ್ಣ ಬಳಿಯಬೇಡಿ. ಬಿರುಕು ಕಂಡರೆ, ಅಥವಾ ಒಮ್ಮೆ ಜೋರು ಪೆಟ್ಟು ತಿಂದಿದ್ದರೆ, ನೋಡಲು ಚೆನ್ನಾಗಿದ್ದರೂ ಅದಕ್ಕೆ ನಿವೃತ್ತಿ ಕೊಡಿ. ಹೊಸದು ತಂದರೆ ಪಟ್ಟಿ ಬಿಗಿಯಿರಿ. ದಿನದ ದುಡಿಮೆಯಲ್ಲಿ ನಾವೆಲ್ಲ ದಣಿದವರೇ, ತಲೆ ಎತ್ತಲೂ ಪುರುಸೊತ್ತಿಲ್ಲ, ಒಪ್ಪೋಣ. ಆದರೆ ಬೆಳಿಗ್ಗೆ ಮನೆಯಿಂದ ಹೊರಟ ತಲೆ ಸಂಜೆ ಮನೆಗೇ ಬರಲಿ.