ಟಕ್ ಎನ್ನುವ ಬೆಲ್ಟು

ಸೇತುವೆ ಮುಚ್ಚಿದ ದಿನದಿಂದ ಊರು ಎರಡು ಹೋಳಾಗಿತ್ತು. ನದಿ ಮಾಡಿದ ಹೋಳಲ್ಲ, ಅದು ಹಳೆಯದು. ಇದು ಬಾಯಿ ಮಾಡಿದ ಹೋಳು. ಸೇತುವೆಯ ಕಂಬ ಬಿರುಕು ಬಿಟ್ಟಿದೆ, ಅದು ಗೊತ್ತಿದ್ದೂ ಮೇಲಿನವರು ಗಟ್ಟಿಯಾಗಿದೆ ಎಂದು ಸಹಿ ಹಾಕಿದ್ದಾರೆ ಎಂದು ಸೇತುವೆ ಇಲಾಖೆಯ ಒಳಗಿನವನೇ ಒಬ್ಬ ವಿಡಿಯೋದಲ್ಲಿ ಹೇಳಿಬಿಟ್ಟಿದ್ದ. ಮುಖದ ಜಾಗದಲ್ಲಿ ಕಪ್ಪು ನೆರಳು, ದನಿಯೂ ಬದಲಾಯಿಸಿದ್ದು. ಜೀವ ಉಳಿಸಿದ ಪುಣ್ಯಾತ್ಮ ಎಂದು ಅರ್ಧ ಊರು ಅವನನ್ನು ಹೊಗಳಿದರೆ, ಸರ್ಕಾರದ ಸಂಬಳ ತಿಂದು ಸರ್ಕಾರದ ಮಾನ ಹರಾಜು ಹಾಕಿದ ದ್ರೋಹಿ ಎಂದು ಇನ್ನರ್ಧ ಊರು ಹಲ್ಲು ಕಡಿಯುತ್ತಿತ್ತು. ಅವನು ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಯಾರೆಂದೇ ಗೊತ್ತಿಲ್ಲದವನ ಬಗ್ಗೆ ಜಗಳ ಆಡುವುದರಲ್ಲಿರುವ ಸುಖ ಬೇರೆ ಯಾವುದರಲ್ಲಿದೆ ಹೇಳಿ!

ಆ ಜಗಳ ದಿನಾ ಬಂದು ಕೂರುತ್ತಿದ್ದದ್ದು ಟೈಲರಕ್ಕನ ಅಂಗಡಿಯಲ್ಲಿ. ಅಂಗಡಿ ಎಂದರೆ ಬೀದಿಯ ಕಡೆಯ ಒಂದು ಕೋಣೆ, ಒಂದು ಬೆಂಚು, ಒಂದು ಕಾಲ್ಮಷಿನ್ನು. ಪರದೆಯ ಹಿಂದೆ ಅಕ್ಕ-ತಮ್ಮನ ಮನೆ. ತಮ್ಮ ಸೇತುವೆ ಇಲಾಖೆಯಲ್ಲೇ ಕಿರಿಯ ಇಂಜಿನಿಯರು. ಆದರೆ ಆ ಇಲಾಖೆಯಲ್ಲಿ ಇಂಥವರು ಬೇಕಾದಷ್ಟು ಜನ ಇದ್ದರು, ಅದೂ ಅಲ್ಲದೆ ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಜಾತಿಯವನು. ಹಾಗಾಗಿ ಟೈಲರಕ್ಕ ಆ ದಿಕ್ಕಿನಲ್ಲಿ ಯೋಚನೆಯನ್ನೇ ಮಾಡಿರಲಿಲ್ಲ.

ಆ ದಿನ ಬೆಂಚಿನ ಮೇಲೆ ಬಸ್ಸಿನ ಡ್ರೈವರೂ ಪಕ್ಕದ ಬೀದಿಯ ಟೀಚರಮ್ಮನೂ ಇದ್ದರು. ಡ್ರೈವರ್ ಯೂನಿಫಾರ್ಮಿನ ಪ್ಯಾಂಟು ಸಡಿಲ ಮಾಡಿಸಲು ಬಂದಿದ್ದ. ಟೀಚರಮ್ಮ ಫೋನಿನಲ್ಲಿ ಅದೇ ವಿಡಿಯೋ ಹಾಕಿದ್ದರು.

"ನಮ್ಮ ಶಾಲೆ ಮಕ್ಕಳ ವ್ಯಾನು ದಿನಾ ಆ ಸೇತುವೆ ಮೇಲೇ ಹೋಗ್ತಿತ್ತು ಕಣ್ರೀ. ಈ ಮನುಷ್ಯ ಬಾಯಿ ಬಿಡದೇ ಇದ್ದಿದ್ರೆ? ನೆನೆಸಿಕೊಂಡ್ರೆ ಮೈ ಜುಂ ಅನ್ನುತ್ತೆ."

"ನಿಮ್ಮ ಮಕ್ಕಳು ಬದುಕಿದ್ದಾರೆ, ಅದಕ್ಕೇ ಮಾತು ಬರುತ್ತೆ," ಎಂದ ಡ್ರೈವರ್.

ಅವನ ಮಗಳಿಗೆ ಹೆರಿಗೆ ನೋವು ಬಂದದ್ದು ಸೇತುವೆ ಮುಚ್ಚಿದ ಮೇಲೆ. ಆಸ್ಪತ್ರೆ ಆಚೆ ದಡದಲ್ಲಿ. ಸುತ್ತು ದಾರಿಯಲ್ಲಿ ಅಪ್ಪನೇ ಬಸ್ಸು ಓಡಿಸಿಕೊಂಡು ಹೋಗುತ್ತಿರುವಾಗ ಹಿಂದಿನ ಸೀಟಿನಲ್ಲಿ ಹೆರಿಗೆಯಾಯಿತು, ಕೂಸು ಉಳಿಯಲಿಲ್ಲ. ಇದು ಊರಿಗೆಲ್ಲ ಗೊತ್ತು. ಅವನ ಎದುರು ಯಾರೂ ಅದನ್ನು ಎತ್ತುತ್ತಿರಲಿಲ್ಲ.

"ಬಿರುಕಂತೆ ಬಿರುಕು! ನಾನು ಅಷ್ಟು ವರ್ಷ ಓಡಿಸಿದೀನಿ, ಒಂದು ದಿನ ಅಲ್ಲಾಡಿಲ್ಲ ಅದು. ನನ್ನ ಕೈಗೆ ಸಿಗಲಿ ಅವನು," ಎಂದ ಡ್ರೈವರ್.

ಟೈಲರಕ್ಕ ತಲೆ ಎತ್ತದೆ ಮಷಿನ್ನು ತುಳಿದಳು. ಇಲ್ಲಿ ಆ ಮಷಿನ್ನಿನ ವಿಷಯ ಸ್ವಲ್ಪ ಹೇಳಲೇಬೇಕು. ಅದರ ಚರ್ಮದ ಬೆಲ್ಟು ತುಂಡಾಗಿ ಎಷ್ಟೋ ಕಾಲವಾಗಿತ್ತು. ಟೈಲರಕ್ಕ ಒಂದರ ಮೇಲೊಂದು ಎರಡು ಕ್ಲಿಪ್ಪು ಹಾಕಿ ಜೋಡಿಸಿದ್ದಳು. ಆ ಕ್ಲಿಪ್ಪಿನ ಜಾಗ ಚಕ್ರಕ್ಕೆ ಬಡಿದಾಗಲೆಲ್ಲ ಟಕ್ ಎನ್ನುತ್ತಿತ್ತು. ಹೊಸ ಬೆಲ್ಟು ಹಾಕೇ ಅಕ್ಕ, ತಲೆ ಚಿಟ್ಟು ಹಿಡಿಯುತ್ತೆ ಎಂದು ಮೊದಮೊದಲು ತಮ್ಮ ಗೋಗರೆದಿದ್ದ. ಓಡ್ತಿದೆಯಲ್ಲ, ಬಿಡು ಎಂದು ಇವಳು ಮಾತು ಮುಗಿಸಿದ್ದಳು.

ಈಗ ಮಷಿನ್ನು ಟಕ್ ಎಂದಿತು. ಟೀಚರಮ್ಮನ ಫೋನೂ ಟಕ್ ಎಂದಿತು.

ಟೈಲರಕ್ಕನ ಕಾಲು ತಾನಾಗಿ ನಿಂತಿತು. ಫೋನಿನಲ್ಲಿ ಮಾತ್ರ ಸದ್ದು ನಿಲ್ಲಲಿಲ್ಲ. ಕಪ್ಪು ನೆರಳಿನವನ ಮಾತಿನ ಹಿಂದೆ, ಗೋಡೆಯ ಆಚೆಯಿಂದ ಬಂದಂತೆ, ಟಕ್, ಟಕ್, ಆಮೇಲೆ ಸ್ವಲ್ಪ ಸುಮ್ಮನೆ, ಮತ್ತೆ ಟಕ್. ಬಟ್ಟೆ ತಿರುಗಿಸುವಾಗ ನಿಲ್ಲಿಸುವ ಅವಳದೇ ಕಾಲಿನ ಲೆಕ್ಕ! ತಮ್ಮ ಜ್ವರ ಎಂದು ಒಳಕೋಣೆಯ ಬಾಗಿಲು ಹಾಕಿಕೊಂಡ ಮಧ್ಯಾಹ್ನ ನೆನಪಾಯಿತು. ಅಯ್ಯೋ ಪಾಪಿ, ಮುಖ ಮುಚ್ಚಿದೆ, ದನಿ ಮುಚ್ಚಿದೆ, ಅಕ್ಕನ ಮಷಿನ್ನು ಮುಚ್ಚುವುದನ್ನು ಮರೆತೆಯಲ್ಲೋ!

ಮರೆತದ್ದೂ ಅಲ್ಲ. ಬರುಬರುತ್ತಾ ಒಗ್ಗಿಹೋಗಿ, ಆ ಸದ್ದಿನ ಜೊತೆಗೇ ಹುಟ್ಟಿ ಬೆಳೆದವನಂತೆ ಇದ್ದವನಿಗೆ ಅದು ಕೇಳಿಸಿಯೇ ಇರಲಿಲ್ಲ.

"ಅದೇನು ಹಿಂದೆ ಟಕ್ ಟಕ್ ಅನ್ನೋದು? ನಲ್ಲಿ ತೊಟ್ಟಿಕ್ಕುತ್ತಿರಬೇಕು," ಎಂದರು ಟೀಚರಮ್ಮ.

ಡ್ರೈವರಿನ ಕಣ್ಣು ನಿಂತುಹೋದ ಚಕ್ರದ ಮೇಲಿತ್ತು. ಪ್ಯಾಂಟು ನಾಳೆ ಕೊಡು ಅಕ್ಕ ಎಂದು ಎದ್ದು ಹೋದ.

ಇಬ್ಬರೂ ಹೋದ ಕೂಡಲೇ ಟೈಲರಕ್ಕ ಓಡಿಹೋಗಿ ಹೊಸ ಬೆಲ್ಟು ತಂದು ಹಾಕಿದಳು. ಹಳೆಯದನ್ನು ಸುಟ್ಟರೆ ಚರ್ಮದ ವಾಸನೆ ಬೀದಿಗೆಲ್ಲ ಗೊತ್ತಾಗುತ್ತದೆ, ಎಸೆದರೆ ಯಾರಾದರೂ ಹೆಕ್ಕುತ್ತಾರೆ. ಕೊನೆಗೆ ಅದನ್ನು ಬಟ್ಟೆಯ ಒಳಗೆ ಸೊಂಟಕ್ಕೆ ಸುತ್ತಿಕೊಂಡಳು. ಸಂಜೆ ತಮ್ಮ ಬಂದಾಗ ಬೈಯಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ ಅತ್ತಳು. "ನೀನೇನಾ?" ಎಂದಳು. ಅವನು ಹೂಂ ಎಂದ. ಕೇಳಿದ್ದಕ್ಕೆ ಮಾತ್ರ ಉತ್ತರ.

ಮರುದಿನ ತಮ್ಮ ಕಚೇರಿಗೆ ಹೋದ ಮೇಲೆ ತನಿಖೆಯವನು ಬಂದ. ಇಲಾಖೆಯವರ ಮನೆಮನೆಗೂ ಹೋಗುತ್ತಿದ್ದಾನೆ ಎಂಬ ಸುದ್ದಿ ಮೊದಲೇ ಇತ್ತು. ತೆಳ್ಳಗಿನ, ಮರ್ಯಾದೆಯ ಮನುಷ್ಯ. ಅಂಥವರನ್ನು ಕಂಡರೇ ಹೆಚ್ಚು ಭಯ. ಪ್ಯಾಂಟಿಗೆ ಬಂದಿದ್ದ ಡ್ರೈವರಿನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತ.

"ನೀವು ಕೆಲಸ ಮಾಡ್ಕೊಳ್ಳಿ ಅಮ್ಮ. ನಾನು ಸುಮ್ಮನೆ ಕೂತಿರ್ತೀನಿ."

ಅವನು ಬಂದದ್ದು ಕೇಳಿಸಿಕೊಳ್ಳಲು ಎಂದು ಅವಳಿಗೆ ಅರ್ಥವಾಯಿತು. ತುಳಿದಳು. ಮಷಿನ್ನು ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಒಂದು ಟಕ್ ಇಲ್ಲ. ಸೊಂಟದಲ್ಲಿ ಮಾತ್ರ ಆ ಎರಡು ಕ್ಲಿಪ್ಪು ಚುಚ್ಚುತ್ತಿದ್ದವು. ತನಿಖೆಯವನು ತಲೆಯಾಡಿಸಿ ಏಳಲು ಹೊರಟ. ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯಿಂದ ಅಜ್ಜಿ ಕೂಗಿದಳು. ದಿನಾ ಆ ಹೊತ್ತಿಗೆ ಮಲಗುವ ಅಜ್ಜಿ.

"ಏನೇ ಹುಡುಗೀ, ಎಲ್ಲಿ ಹೋಯ್ತೇ ಟಕ್ ಟಕ್ ಅನ್ನೋದು? ಅದಿಲ್ಲದೆ ನಿನ್ನೆಯಿಂದ ಕಣ್ಣೇ ಮುಚ್ಚಕ್ಕಾಗ್ತಿಲ್ಲ ನಂಗೆ!"

ಸದ್ದು ತೆಗೆದರೆ ಸುಳಿವೂ ಹೋಯಿತು ಎಂದು ಟೈಲರಕ್ಕ ಅಂದುಕೊಂಡಿದ್ದಳು. ಇಲ್ಲದ ಸದ್ದೂ ಕೇಳಿಸುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ.

"ಯಾವ ಟಕ್ ಟಕ್?" ತನಿಖೆಯವನು ಮತ್ತೆ ಕೂತ.

"ನನ್ನ ಬಸ್ಸು ಸಾರ್," ಎಂದ ಡ್ರೈವರ್. ದನಿಯಲ್ಲಿ ಒಂದು ಸುಕ್ಕಿಲ್ಲ. "ಈ ಕಿಟಕಿ ಕೆಳಗೇ ನಿಲ್ಲಿಸ್ತಿದ್ದೆ. ಇಂಜಿನ್ನು ಟಕ್ ಟಕ್ ಅಂತಿತ್ತು. ನಿನ್ನೆಯಿಂದ ಮಾರ್ಕೆಟ್ ಹತ್ರ ನಿಲ್ಲಿಸಿ ಅಂದಿದ್ದಾರೆ. ಅಜ್ಜಿಗೆ ಜೋಗುಳ ತಪ್ಪಿಹೋಗಿದೆ."

ತನಿಖೆಯವನು ಅವನನ್ನು ನೋಡಿದ, ಇವಳನ್ನು ನೋಡಿದ. "ಇರಬಹುದು," ಎಂದ. "ನಿಮ್ಮ ತಮ್ಮನ್ನ ನಾಳೆ ಬೆಳಿಗ್ಗೆ ನಮ್ಮ ಕಚೇರಿಗೆ ಕಳಿಸಿ ಅಮ್ಮ. ಮತ್ತೆ ಈ ಕಡೆ ಬಂದಾಗ ಅಜ್ಜೀನೂ ಮಾತಾಡಿಸ್ತೀನಿ."

ಅವನು ಹೋದ ಮೇಲೆ ಡ್ರೈವರ್ ಪ್ಯಾಂಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ..." ಎಂದಳು ಟೈಲರಕ್ಕ.

"ಬೀಳಬೇಡ. ನಾನು ಅವನನ್ನ ಉಳಿಸ್ಲಿಲ್ಲ. ಅವನು ದ್ರೋಹೀನೇ. ಆದ್ರೆ ಅವರ ಕೈಗೆ ಸಿಕ್ಕಿದ್ರೆ ನನಗೆ ಸಿಗಲ್ಲ. ಅವನ ಹತ್ರ ನನಗೆ ಒಂದು ಮಾತಿದೆ. ಸಂಜೆ ಬಸ್ಸಿಗೆ ಕಳಿಸು. ಸುತ್ತು ದಾರಿ ಉದ್ದ, ಹೊತ್ತು ಬೇಕಾದಷ್ಟಿರುತ್ತೆ."

ತಮ್ಮ ಬಂದ ತಕ್ಷಣ ಅವಳು ಎಲ್ಲವನ್ನೂ ಹೇಳಿದಳು. ಬೇಡ ಕಣೋ, ಅವನ ಮಗಳ ಕೂಸು, ಅವನ ಹೊಟ್ಟೆ ಉರಿ ಎಂಥದ್ದೋ, ದಾರಿ ಪಕ್ಕ ನದಿ ಎಂದು ಅತ್ತಳು. ನಡೆದುಕೊಂಡು ಹೋಗು ಎಂದಳು, ಅಟ್ಟದಲ್ಲಿ ಬಚ್ಚಿಟ್ಟುಕೋ ಎಂದಳು, ಹುಚ್ಚಿಯಂತೆ ಏನೇನೋ ಎಂದಳು. ತಮ್ಮ ಚೀಲಕ್ಕೆ ಎರಡು ಅಂಗಿ ತುಂಬುತ್ತಿದ್ದ.

"ಊರು ಬಿಡೋಕೆ ಬೇರೆ ದಾರಿ ಇಲ್ಲ ಅಕ್ಕ. ಇದ್ದ ದಾರೀನ ನಾನೇ ಮುಚ್ಚಿಸಿದೆ," ಎಂದ. ಚೀಲದ ಬಾಯಿ ಕಟ್ಟುತ್ತಾ, "ಕೇಳೋ ಹಕ್ಕು ಆ ಡ್ರೈವರಣ್ಣನಿಗಿದೆ," ಎಂದ. ಸೇತುವೆಯ ವಿಷಯದಲ್ಲಿ ಅವನು ಯಾರೂ ಕೇಳದೆ ಹೇಳಿದ ಎರಡನೆಯ ಮಾತು ಅದು. ಮೊದಲನೆಯದನ್ನು ಊರೆಲ್ಲ ಕೇಳಿತ್ತು.

ಮಾರ್ಕೆಟ್ಟಿನ ಬಳಿ ಬಸ್ಸು ತುಂಬಿತ್ತು. ಒಳಗೆ ಅದೇ ಜಗಳ. ಅವನಿಗೆ ಹಾರ ಹಾಕಬೇಕು ಎಂದು ಒಬ್ಬ, ಗಲ್ಲಿಗೆ ಹಾಕಬೇಕು ಎಂದು ಇನ್ನೊಬ್ಬ. ಇಬ್ಬರ ನಡುವೆ ಜಾಗ ಮಾಡಿಕೊಂಡು ತಮ್ಮ ತಲೆ ತಗ್ಗಿಸಿ ಹಿಂದಕ್ಕೆ ಹೊರಟ.

"ಹಿಂದೆ ಹೋಗ್ಬೇಡ," ಎಂದ ಡ್ರೈವರ್, ಕನ್ನಡಿಯಲ್ಲಿ ನೋಡಿ. "ಕೊನೇ ಸೀಟಲ್ಲಿ ಯಾರನ್ನೂ ಕೂರಿಸಲ್ಲ ನಾನು. ಇಲ್ಲಿ ಬಾ, ಇಂಜಿನ್ ಪಕ್ಕ."

ತಮ್ಮ ಬಂದು ಕೂತ. ಟೈಲರಕ್ಕ ಕೆಳಗೆ ಕಿಟಕಿ ಹಿಡಿದು ನಿಂತಿದ್ದಳು. ಭಯಕ್ಕೆ ಬೆರಳು ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ. ಡ್ರೈವರ್ ಕೀಲಿಗೆ ಕೈ ಹಾಕಿದ. ಆಮೇಲೆ ತಮ್ಮನ ಕಡೆ ಬಾಗಿ, ಹಿಂದೆ ಕೂತವರಿಗೆ ಕೇಳದಂತೆ, ಬೇಡುವವನ ದನಿಯಲ್ಲಿ ಕೇಳಿದ.

"ನಿಜ ಹೇಳು. ಆ ಬಿರುಕು ಇತ್ತಾ? ನಿನ್ನ ಕಣ್ಣಾರೆ ನೋಡಿದ್ಯಾ?"

ತಮ್ಮ ಬಾಯಿ ತೆರೆದ. ಇಂಜಿನ್ನು ಗುಡುಗಿತು, ಬಸ್ಸು ಅವಳ ಬೆರಳುಗಳನ್ನು ಬಿಡಿಸಿಕೊಂಡು ಮುಂದೆ ಹೋಯಿತು. ತಮ್ಮ ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಕೇಳಿದವನ ತಲೆ ಸ್ಟೇರಿಂಗಿನ ಮೇಲೆ ಒಮ್ಮೆ ಬಾಗಿ ಎದ್ದದ್ದು ಮಾತ್ರ ಕಂಡಿತು. ಬಸ್ಸು ಸುತ್ತು ದಾರಿಗೆ ತಿರುಗಿ ಮರೆಯಾಗುವ ತನಕ ಅವಳು ಸೊಂಟದ ಬೆಲ್ಟನ್ನು ಬಟ್ಟೆಯ ಮೇಲಿಂದಲೇ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.