ಮೂರನೆಯ ಹಾಳೆ

"ಗೇಟಿನಾಚಿ ನಿಂದರ ಬೇ. ನಾಯಿ ಒಳಗ, ನಾಯಿ ಕಾಯೋರು ಹೊರಗ" ಎಂದ ನೀಲಕಂಠ ಸಾವಕಾರ, ಕುರ್ಚಿಯಿಂದ ಏಳದೆಯೇ.

ಲಗಮವ್ವ ಗೇಟಿನಾಚೆಯೇ ನಿಂತಳು. ಒಳಗೆ ತಂತಿ ಬಲೆಯ ಹಿಂದೆ ಕೆಂಪಿ ಬಾಲ ಬಡಿಯುತ್ತಿತ್ತು. ಕುರಿಹಟ್ಟಿಯಲ್ಲಿ ಅವಳೇ ಹಾಲೆರೆದು ಬೆಳೆಸಿದ ಬೇಟೆನಾಯಿ ಅದು. ಅದರ ಎರಡು ಸೂಲಿನ ಮರಿಗಳ ಮೇಲೆಯೇ ಈ ಶ್ವಾನ ಕೇಂದ್ರ ಎದ್ದಿತ್ತು.

"ಮರಿ ಮಾರಿದ್ರಿ, ನನಗೊಂದ ಮಾತ ಕೇಳಲಿಲ್ಲ. ಪಾಲುದಾರಕಿ ಸಾಕ್ರೀ. ನನ್ನ ಕೆಂಪೀನ ಕೊಡ್ರಿ, ಹೋಗ್ತೀನಿ."

"ನಿನ್ನ ಕೆಂಪಿ? ಮೂರನೇ ಹಾಳಿ ನೋಡು. ನಾಯಿ, ಅದರ ಸಂತಾನ ಎಲ್ಲಾ ಸಂಸ್ಥಾದ್ದು. ಬಿಟ್ಟು ಹೋಗಾಕಿ ಬರಿಗೈಲೆ ಹೋಗಬೇಕು. ನಿನ್ನ ತಮ್ಮನ್ನ ಕೇಳು, ಬಿ.ಎ. ಓದಿದ ಹಲ್ಕಟ್ಟ. ಅವನೇ ಓದಿ ಹೇಳಿದ್ದ."

ಅಕ್ಕನ ಹಿಂದೆ ನಿಂತಿದ್ದ ಮಾಳು, ಮುಳ್ಳು ಚುಚ್ಚಿದವನಂತೆ ಬಗ್ಗಿ ಚಪ್ಪಲಿ ನೋಡಿಕೊಂಡ.

ಎರಡು ವರ್ಷದ ಹಿಂದೆ ಕಾಗದ ಬೇಕೆಂದವನೂ ಮಾಳುವೇ. ನೀಲಕಂಠ ಬೀರಪ್ಪ ದೇವರ ಭಂಡಾರದ ಅರಿಸಿನ ಮುಟ್ಟಿ "ಸಮಪಾಲು" ಅಂದದ್ದು ಲಗಮವ್ವನಿಗೆ ಸಾಕಾಗಿತ್ತು. ಭಂಡಾರ ಮುಟ್ಟಿದವನನ್ನು ಮತ್ತೆ ಕೇಳುವುದೆಂದರೆ ದೇವರನ್ನೇ ಅನುಮಾನಿಸಿದಂತೆ. "ಹಾಳಿ ಇರಲಿ ಬೇ, ಹಾಳಿ ಇದ್ರ ಹಾಳಾಗಂಗಿಲ್ಲ" ಎಂದು ಮಾಳು ನಗಿಸಿದ್ದ.

ಮುಧೋಳದ ಕೋರ್ಟಿನೆದುರು ಬೇವಿನಡಿ ಬಾಂಡ್ ಬರೆಯುವ ಶಂಕರೆಪ್ಪನದು ಮೂಗಿನ ಮಾತು. ಆತ ಚಹಾಕ್ಕೆ ಎದ್ದು ಹೋದಾಗ ಮಾಳು ಅವನದೇ ದನಿಯಲ್ಲಿ ಮೊದಲ ಹಾಳೆ ಓದಿದ. ಅಕ್ಕ ಬಾಯಿಗೆ ಸೆರಗಿಟ್ಟು ನಕ್ಕಳು. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರನೆಯದರಲ್ಲಿ 'ವಿಸರ್ಜನಾನಂತರ', 'ಸ್ವಾಮ್ಯ ಊರ್ಜಿತ' ಎಂಬ ಮಾತುಗಳು ಎದುರಾದವು. ಅವನಿಗೆ ತಲೆಬುಡ ಹತ್ತಲಿಲ್ಲ. ಜಮಖಂಡಿಯ ಕಾಲೇಜಿಗೆ ಅವನನ್ನು ಕಳಿಸಲು ಹನ್ನೊಂದು ಕುರಿ ಮಾರಿದ ಅಕ್ಕ ಎದುರಿಗೇ ಕೂತಿದ್ದಳು. ತಿಳಿಯಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮೂಗಿನಲ್ಲೇ ಏನೋ ಗೊಣಗಿ, "ಇತ್ಯಾದಿ, ಇತ್ಯಾದಿ" ಎಂದು ಮುಗಿಸಿದ. ಅಕ್ಕ ನಗುತ್ತಲೇ ಹೆಬ್ಬೆಟ್ಟು ಒತ್ತಿದಳು. ಆ ಕರಾರಿನಲ್ಲಿ ತಕರಾರಿಗೆ ಜಾಗವೇ ಇರಲಿಲ್ಲ.

ನೀಲಕಂಠ ಕೊನೆಗೂ ಎದ್ದು ಬಂದು, ಹೊಸದೊಂದು ಹಾಳೆಯನ್ನೂ ಮಸಿಡಬ್ಬಿಯನ್ನೂ ಗೇಟಿನ ಸಂದಿಯಿಂದ ಚಾಚಿದ. "ನಾಯಿ ಬಿಟ್ಟು ಇರಾಕ ಆಗಂಗಿಲ್ಲ ಅಂದ್ರ ಇಲ್ಲೇ ಆಳಾಗಿರು. ಒತ್ತು."

ಲಗಮವ್ವ ಕೆಂಪಿಯನ್ನು ನೋಡಿದಳು. ಹೆಬ್ಬೆರಳನ್ನು ಮಸಿಗೆ ಅದ್ದಿದಳು. ಆಮೇಲೆ ಹಾಳೆಯನ್ನು ತಮ್ಮನ ಕೈಗಿಟ್ಟಳು.

"ಓದೋ. ಯಾರ ದನಿನೂ ಬ್ಯಾಡ. ನಿನ್ನ ದನೀಲೆ ಓದು."

ಮಾಳು ಓದತೊಡಗಿದ. ತನ್ನ ದನಿ ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ. ನಾಲ್ಕನೆಯ ಸಾಲಿಗೆ ನಿಂತ.

"ಇದು ನನಗ ತಿಳಿಯಂಗಿಲ್ಲ, ಅಕ್ಕಾ." ಹಾಳೆಯನ್ನು ಕೆಳಗಿಳಿಸಿ ಹೇಳಿದ: "ಆವತ್ತಿನ ಮೂರನೇ ಹಾಳಿನೂ ತಿಳಿದಿದ್ದಿಲ್ಲ. ತಿಳಿದಂಗ ಮಾಡಿದೆ."

ನೀಲಕಂಠ ಹೊಟ್ಟೆ ಕುಲುಕಿಸಿ ನಕ್ಕ. "ಖರೆ ಹೇಳಾಕ ಎರಡ ವರ್ಷ ಬೇಕಾತೇನಲೇ, ಬೋಳಿಮಗನ?"

ಲಗಮವ್ವ ನಗಲಿಲ್ಲ, ಬೈಯಲೂ ಇಲ್ಲ. "ಇದೊಂದ ಮಾತ ಆವತ್ತ ಅಂದಿದ್ರ, ನನ್ನ ಹನ್ನೊಂದ ಕುರಿ ಸಾರ್ಥಕ ಆಗ್ತಿದ್ದುವಲ್ಲೋ."

ಗೇಟಿನ ಮೇಲೆ ಹೊಸ ಫಲಕವಿತ್ತು. ಅದರಲ್ಲಿ ಕೆಂಪಿಯದೇ ಚಿತ್ರ. ಕುರಿಗೆ ಬಣ್ಣದ ಗುರುತು ಹಾಕುವ ಹಾಗೆ, ಮಸಿಯ ಹೆಬ್ಬೆರಳನ್ನು ಅದರ ಹಣೆಗೆ ಅಮುಕಿ ಒತ್ತಿದಳು.

"ಇದು ನನ್ನ ಗುರುತು. ಇದಕ್ಕೂ ಒಂದ ಹಾಳಿ ಬರಸ್ಕೋರಿ."

ಗೇಟಿಗೆ ಅಡ್ಡಲಾಗಿ ಕೂತಳು. ನೀಲಕಂಠನ ನಗು ನಿಂತಿತು. ಒಳಗೆ ಕೆಂಪಿ ಊಳಿಡತೊಡಗಿತು.

ಮಾಳು ಹೋಗಿ ಅಕ್ಕನ ಪಕ್ಕದಲ್ಲಿ ಕುಕ್ಕರಿಸಿದ. ಅವಳು ಸರಿದು ಜಾಗ ಕೊಡಲಿಲ್ಲ.