ತಂಗಿಗೆ ಕಳಿಸದ ನಿಂಬೆ ಸಸಿ

ಆ ಬೀದಿಯ ಟೈಲರಮ್ಮನಿಗೆ ಒಬ್ಬಳೇ ತಂಗಿ. ಮದುವೆಯಾಗಿ ಪಕ್ಕದ ರಾಜ್ಯಕ್ಕೆ ಹೋಗಿದ್ದಳು. ತಾಯಿ ತೀರಿಕೊಂಡ ಮೇಲೆ ಫೋನಿನಲ್ಲಿ ಅವಳದು ಒಂದೇ ಮಾತು: ಅಮ್ಮ ನೆಟ್ಟ ನಿಂಬೆ ಮರದ ಒಂದು ಸಸಿ ಬೇಕು, ಅದು ಕಣ್ಣೆದುರಿಗಿದ್ದರೆ ಅಮ್ಮನೇ ಇದ್ದ ಹಾಗೆ. ಅಕ್ಕ ಹಿತ್ತಿಲಲ್ಲಿದ್ದ ಆ ಮರದ ಕೊಂಬೆಯ ತೊಗಟೆ ಸುಲಿದು, ಒದ್ದೆ ಮಣ್ಣು ಮೆತ್ತಿ ಗೂಟಿ ಕಟ್ಟಿ, ಬೇರು ಬರಿಸಿ, ಸಸಿ ಮಾಡಿ ಮಗುವಿನಂತೆ ಸಾಕಿದಳು.

ಒಂದು ಬೆಳಿಗ್ಗೆ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಸಸಿಯ ಬೇರಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಹೊಲಿಯಲು ಕೊಟ್ಟಿದ್ದ ಬಟ್ಟೆ ಕೇಳಲು ಎದುರು ಮನೆಯ ಗೆಳತಿ ಬಂದಳು. ನರ್ಸರಿ ನಡೆಸುವವಳು ಅವಳು. ಅಂಚೆಗೆ ಹಾಕಲು ತಂದಿಟ್ಟ ರಟ್ಟಿನ ಪೆಟ್ಟಿಗೆಯ ಮೇಲಿನ ಬರಹ ಅವಳ ಕಣ್ಣಿಗೆ ಬಿತ್ತು.

"ಅಕ್ಕಾ, ಒಳಗಿರೋದು ಗಿಡ. ಮೇಲೆ ಬಟ್ಟೆ ಅಂತ ಯಾಕೆ ಬರೆದ್ರಿ?"

"ಗಿಡ ಅಂದ್ರೆ ಅಂಚೆಯವರು ನೂರೆಂಟು ಕೇಳ್ತಾರಂತೆ ಕಣೆ. ನಾನೇನು ಕಳ್ಳಸಾಗಣೆ ಮಾಡ್ತಿದೀನಾ? ತಂಗಿಗೆ ಒಂದು ಸಸಿ, ಅಷ್ಟೇ."

ಗೆಳತಿ ವಾದಕ್ಕೆ ಇಳಿಯಲಿಲ್ಲ. ಒಂದು ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗುಚಿದಳು. ಎಲೆಯ ಅಡಿಯಲ್ಲಿ ನರದ ಉದ್ದಕ್ಕೂ ಕಂದು ಚುಕ್ಕೆಗಳು ಅಂಟಿದ್ದವು. ಉಗುರಿನಿಂದ ಕೆರೆದರೆ ಜಿಗುಟು. ರಸ ಹೀರುವ ಹುಳುಗಳು ಇವು, ಇನ್ನು ಕೆಲವು ರೋಗ ಕಣ್ಣಿಗೆ ಕಾಣುವುದೇ ಇಲ್ಲ, ಮಣ್ಣಿನಲ್ಲೂ ಅಡಗಿರುತ್ತವೆ ಎಂದು ತಿಳಿಸಿ ಮೆಲ್ಲಗೆ ಕೇಳಿದಳು: "ನಿಂಬೆಗೆ ಬರೋ ಹುಳು, ರೋಗ ಕಿತ್ತಳೆಗೂ ಹತ್ತುತ್ತೆ. ನಿಮ್ಮ ತಂಗಿ ಮನೆಯವರದ್ದು ಕಿತ್ತಳೆ ತೋಟ ಅಲ್ವಾ?"

ಟೈಲರಮ್ಮನ ಕೈ ನಿಂತಿತು. ತಂಗಿಯ ಮನೆ ನಡೆಯುವುದೇ ಆ ತೋಟದಿಂದ.

ಇಬ್ಬರೂ ಸಸ್ಯ ತಪಾಸಣೆಯ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಸಮಾಧಾನವಾಗಿ ವಿವರಿಸಿದರು. ಆ ರಾಜ್ಯಕ್ಕೆ ಹೊರಗಿನಿಂದ ನಿಂಬೆ, ಕಿತ್ತಳೆ ಸಸಿ ಬರುವಂತೆಯೇ ಇಲ್ಲ. ಬೇರಿಗೆ ಅಂಟಿದ ಮಣ್ಣಿಗೂ ತಡೆ ಇದೆ. ಕೆಲವು ಗಿಡಗಳನ್ನು ತಪಾಸಣೆ ಮಾಡಿಸಿ, ಪ್ರಮಾಣಪತ್ರ ಪಡೆದು ಕಳಿಸಬಹುದು. ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಹೂವಿನ ಬೀಜವಾದರೆ ಚೆನ್ನಾಗಿ ಒಣಗಿಸಿ, ಕಸ ತೆಗೆದು, ಹೆಸರು ಬರೆದು ಅಲ್ಲಿಗೆ ಕಳಿಸಲು ಅಡ್ಡಿಯಿಲ್ಲ ಎಂದರು.

ಅಮ್ಮ ಬೆಳೆಸಿದ ಚೆಂಡು ಹೂವಿನ ಬೀಜ ಮನೆಯಲ್ಲಿತ್ತು. ಆದರೂ ಟೈಲರಮ್ಮನಿಗೆ ಅಳುಕು. ಅಕ್ಕ ನೆಪ ಹೇಳುತ್ತಿದ್ದಾಳೆ ಎಂದು ತಂಗಿ ಅಂದುಕೊಂಡರೆ? ಫೋನಿನಲ್ಲಿ ಎಲ್ಲ ಹೇಳಿ, ಸಸಿಯ ಬದಲು ಅಮ್ಮನ ಹೂವಿನ ಬೀಜ ಕಳಿಸುತ್ತೇನೆ ಎಂದಳು. ಅಷ್ಟರಲ್ಲಿ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ತಂಗಿಯ ಅತ್ತೆ ಫೋನ್ ತೆಗೆದುಕೊಂಡರು.

"ನೋಡಮ್ಮ, ನೆಂಟರೊಬ್ರು ಪ್ರೀತಿಯಿಂದ ತಂದ ಒಂದು ಗಿಡದಿಂದ ರೋಗ ಹತ್ತಿ ನಮ್ಮ ಹಳೇ ತೋಟಾನೇ ಹೋಯ್ತು. ಕಳಿಸೋಕೆ ಮುಂಚೆ ನೀನು ವಿಚಾರಿಸಿದೆಯಲ್ಲ, ಈ ಉಪಕಾರ ನಾವು ಮರೆಯಲ್ಲ."

ಹಿಂದಿನಿಂದ ತಂಗಿಯ ದನಿ ಕೇಳಿತು. "ಅಮ್ಮನ ಹೂವಿನ ಬೀಜ ಬೇಗ ಕಳಿಸಕ್ಕ. ಪಾತಿ ಮಾಡಿಟ್ಟಿರ್ತೀನಿ."

ಟೈಲರಮ್ಮ ಗೆಳತಿಯ ಕೈ ಹಿಡಿದುಕೊಂಡಳು. "ನೀನು ಆ ಎಲೆ ಮಗುಚಿ ನೋಡದೆ ಇದ್ದಿದ್ರೆ..." ಗೆಳತಿ, "ಮೊದಲು ನಿಮ್ಮ ಮರಕ್ಕೆ ಔಷಧಿ ಹೊಡೆಯೋಣ ಬನ್ನಿ" ಎಂದು ಹಿತ್ತಿಲಿಗೆ ನಡೆದಳು.

ಗಿಡ ಪ್ರೀತಿಸುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬೇರೆ ರಾಜ್ಯಕ್ಕೆ ಗಿಡ, ಕಡ್ಡಿ, ಬೀಜ ಕಳಿಸುವ ಮುಂಚೆ ಹತ್ತಿರದ ಕೃಷಿ ಅಥವಾ ತೋಟಗಾರಿಕೆ ಕಚೇರಿಯಲ್ಲಿ ಒಂದು ಮಾತು ಕೇಳಿ. ಪೊಟ್ಟಣದ ಮೇಲೆ ಒಳಗಿರುವುದನ್ನೇ ಬರೆಯಿರಿ. ತೆಗೆದುಕೊಳ್ಳುವವರ ತೋಟವೂ ನಿಮ್ಮದೇ ಅಂದುಕೊಂಡು ಕಳಿಸಿ.